ಸ್ವಲ್ಪ ನೀರು ಸೇರಿಸಿದ್ದೆ

ನನ್ನ ಹೆಂಡತಿಗೂ ಅವಳ ತಂಗಿಗೂ ಮಾತು ನಿಂತುಹೋದಾಗ, ಇಬ್ಬರ ನಡುವೆ ಸಂಧಾನ ಮಾಡಲು ನನಗಿಂತ ಯೋಗ್ಯನಾದ ಮನುಷ್ಯ ಈ ಭೂಮಿಯ ಮೇಲೆ ಇಲ್ಲವೆಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನಾನೇ. ಬೇರೆ ಯಾರನ್ನೂ ಕೇಳಲು ಹೋಗಲಿಲ್ಲ.

ಇಷ್ಟು ಆತ್ಮವಿಶ್ವಾಸ ಬಂದದ್ದು ನನ್ನ ಕಸುಬಿನಿಂದ. ಆಮ್ಲ ಮಾರುವ ಒಂದು ಸಣ್ಣ ಕಂಪನಿಯಲ್ಲಿ ನಾನು ಪ್ರಯೋಗಾಲಯದ ಮುಖ್ಯಸ್ಥ. ಪ್ರಯೋಗಾಲಯದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ, ಹಾಗಾಗಿ ನನ್ನ ಮುಖ್ಯಸ್ಥಿಕೆಯನ್ನು ಇದುವರೆಗೆ ಯಾರೂ ಪ್ರಶ್ನಿಸಿಲ್ಲ. ವಿನೆಗರಿಗೆ ಹುಳಿ ಕೊಡುತ್ತದಲ್ಲ, ಆ ಅಸಿಟಿಕ್ ಆಮ್ಲ ನಮ್ಮಲ್ಲಿಗೆ ಅಪ್ಪಟ ರೂಪದಲ್ಲಿ ಡ್ರಮ್ಮುಗಳಲ್ಲಿ ಬರುತ್ತದೆ. ಅಪ್ಪಟ ಆಮ್ಲದ ಬುದ್ಧಿ ಸರಿಯಿಲ್ಲ. ಸ್ವಲ್ಪ ಚಳಿಯಾದರೆ ಸಾಕು, ಡ್ರಮ್ಮಿನೊಳಗೇ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಎಂಬತ್ತು ಪಾಲು ಆಮ್ಲಕ್ಕೆ ಇಪ್ಪತ್ತು ಪಾಲು ನೀರು ಬೆರೆಸಿದರೆ ಆ ಕಾಟವಿಲ್ಲ. ಹಾಗೆ ಬೆರೆಸಿ, ಬಾಟಲಿಗೆ ತುಂಬಿ, ಬಟ್ಟೆಗೆ ಬಣ್ಣ ಹಾಕುವವರಿಗೂ ಚರ್ಮ ಹದ ಮಾಡುವವರಿಗೂ ಮಾರುತ್ತೇವೆ. ಅರ್ಧ ಆಯುಷ್ಯ ಇದೇ ಕೆಲಸ ಮಾಡಿದವನಿಗೆ ಲೋಕದ ಎಲ್ಲ ರೋಗಕ್ಕೂ ಒಂದೇ ಮದ್ದು ಕಾಣತೊಡಗುತ್ತದೆ. ಗೋಂದು ಗಟ್ಟಿಯಾಯಿತೇ, ನೀರು ಹಾಕು. ಗೋಡೆಯ ಬಣ್ಣ ಮಂದವಾಯಿತೇ, ನೀರು ಹಾಕು. ಮಾತು ಖಾರವಾಯಿತೇ, ಅದಕ್ಕೂ ಸ್ವಲ್ಪ ನೀರು ಹಾಕು. ಇದು ನನ್ನ ತತ್ವಜ್ಞಾನ. ನಮ್ಮ ಯಜಮಾನರು ನನ್ನನ್ನು ಪಂಡಿತ್ರೇ ಎಂದು ಕರೆಯುವುದು ಇದಕ್ಕೇ ಎಂದು ಬಹುಕಾಲ ನಂಬಿದ್ದೆ.

ಇನ್ನು ಜಗಳದ ವಿಷಯ. ನನ್ನ ಮಾವ ಗಾಜು ಊದುವವರು. ಪ್ರಯೋಗಾಲಯಗಳಿಗೆ ಬೇಕಾದ ಕೊಳವೆ, ಬುರುಡೆ, ಸುರುಳಿಗಳನ್ನೆಲ್ಲ ಬೆಂಕಿಯ ಮುಂದೆ ಕೂತು ಕೈಯಿಂದಲೇ ಮಾಡುತ್ತಾರೆ. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಕೆಳಗೆ ಕಾರ್ಯಾಗಾರ, ಮೇಲೆ ಮನೆ. ಹಿರಿಮಗಳು, ಅಂದರೆ ನನ್ನ ಹೆಂಡತಿ, ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ಕಿರಿಮಗಳು, ನನ್ನ ನಾದಿನಿ, ಅಪ್ಪನ ಜೊತೆಗೇ ಗಾಜು ಊದುವ ಬೆಂಚಿನ ಮುಂದೆ ಬೆಳೆದವಳು. ಮದುವೆ ಬೇಡ, ಬೆಂಕಿ ಸಾಕು ಎಂದವಳು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎನ್ನುತ್ತಾರೆ, ತಲೆಯಲ್ಲಿ ಬಿಳಿಕೂದಲು ಇಣುಕಿದ ಮೇಲೂ.

ಒಂದು ದಿನ ಮಾವ ವಾರವಿಡೀ ಕೂತು ಮಾಡಿದ ಸುರುಳಿಯೊಂದು ಪುಟ್ಟಿಯ ಕೈಜಾರಿ ಚೂರಾಯಿತು. ಮಾವ ಏನೂ ಅನ್ನದೆ ನೆಲದ ಮೇಲೆ ಕೂತು ಚೂರುಗಳನ್ನು ಆಯುತ್ತಿದ್ದರು. ಅದೇ ಹೊತ್ತಿಗೆ ನನ್ನ ಹೆಂಡತಿ ಒಳಗೆ ಬಂದಳು. ಅಪ್ಪ ಹಾಗೆ ನೆಲ ತಡಕುವುದನ್ನು ನೋಡಿ ಕರುಳು ಚುರ್ ಎಂದಿತೇನೋ, ಬಾಯಿ ಅದಕ್ಕಿಂತ ಜೋರಾಗಿ ಚುರ್ ಎಂದಿತು. "ನಿನ್ನ ಕೈಗೆ ಗಾಜು ಕೊಟ್ರೆ ಗೋಲಿ ಆಗತ್ತೆ ಅಷ್ಟೆ, ಕೊಳವೆ ಆಗಲ್ಲ" ಅಂದುಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಅವತ್ತು ಆ ಮನೆಯಲ್ಲಿ ಎರಡೂ ಒಟ್ಟಿಗೆ ಹೋದವು.

ಬರೀ ಅಕ್ಕತಂಗಿಯರ ಮುನಿಸಾಗಿದ್ದರೆ ನಾನು ಇಷ್ಟು ಹಾರಾಡುತ್ತಿರಲಿಲ್ಲ. ಮಾವನ ಕಣ್ಣು ಹೋಗುತ್ತಿತ್ತು. ಜೀವಮಾನವೆಲ್ಲ ಬೆಂಕಿ ನೋಡಿದ ಕಣ್ಣು; ಇನ್ನು ಜ್ವಾಲೆಯ ಮುಂದೆ ಕೂತರೆ ಉಳಿದದ್ದೂ ಹೋಗುತ್ತದೆ ಎಂದು ವೈದ್ಯರು ಹೇಳಿಯಾಗಿತ್ತು. ಬೆಂಚನ್ನು ಪುಟ್ಟಿಗೆ ಬಿಟ್ಟುಕೊಡಲು ಮಾವನಿಗೆ ಮನಸ್ಸಿತ್ತು. ಆದರೆ ಈ ಜಗಳವಾದ ಮೇಲೆ ಹಠ ಹಿಡಿದರು. "ಇಬ್ಬರೂ ಈ ಬೆಂಚಿನ ಮುಂದೆ ಒಟ್ಟಿಗೆ ನಿಂತ ದಿನ ಬೆಂಕಿ ಇವಳದು. ಅಲ್ಲಿ ತನಕ ನಂದೇ. ಸ್ವಂತ ಅಕ್ಕನೇ ಕೈ ಸರಿ ಇಲ್ಲ ಅಂತಿರುವಾಗ ನಾನು ಯಾವ ಮುಖ ಇಟ್ಕೊಂಡು ಗಿರಾಕಿಗಳಿಗೆ ಹೇಳಲಿ?" ಎಂದರು. ಕಪ್ಪು ಕನ್ನಡಕ ಏರಿಸಿಕೊಂಡು ಮತ್ತೆ ಬೆಂಕಿಯ ಮುಂದೆ ಕೂತರು. ಆ ವಾರವೇ ಎಡಗೈಯ ಬೆರಳು ಸುಟ್ಟುಕೊಂಡರು. ಜ್ವಾಲೆ ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ.

ಹೀಗೆ ಒಬ್ಬ ಮುದುಕರ ಕಣ್ಣು ಮತ್ತು ಒಬ್ಬ ಹೆಣ್ಣುಮಗಳ ಬದುಕು ಎರಡೂ ಒಂದು ಮಾತಿಗೆ ಕಾದುಕೊಂಡಿದ್ದಾಗ, ಆ ಮಾತನ್ನು ಸಾಗಿಸುವ ಕೆಲಸಕ್ಕೆ ನಾನು ಬಿದ್ದೆ.

ನಿಜ ಹೇಳಬೇಕೆಂದರೆ ಕೆಲಸ ಬಹಳ ಸುಲಭವಿತ್ತು. ಒಂದು ಸಂಜೆ ಬಟ್ಟೆ ಮಡಿಸುತ್ತಾ ನನ್ನ ಹೆಂಡತಿ ತಲೆಯೆತ್ತದೆ ಹೇಳಿದಳು: "ಪುಟ್ಟಿಗೆ ಹೇಳ್ಬಿಡಿ. ನಾನು ಹಾಗಂದಿದ್ದು ತಪ್ಪು."

ಅಷ್ಟೇ. ಇಡೀ ದಿನ ಕೌಂಟರಿನಲ್ಲಿ 'ಎಲ್ಲಿಗೆ, ಎಷ್ಟು, ಮುಂದೆ ಬನ್ನಿ' ಎನ್ನುವವಳು ಅವಳು. ಅವಳ ಮಾತಿಗೆ ಬಾಲವಿರುವುದಿಲ್ಲ. ನನಗೆ ಆ ಮಾತು ತೀರಾ ಬೋಳಾಗಿ ಕಂಡಿತು. ಇಷ್ಟು ದಿನದ ಜಗಳಕ್ಕೆ ಇಷ್ಟು ಚೋಟುದ್ದದ ಸಮಾಧಾನವೇ? ಒಂದು ಪೀಠಿಕೆ ಬೇಡವೇ? ಇಬ್ಬರ ಮರ್ಯಾದೆಯೂ ಉಳಿಯುವಂತೆ ಹಿಂದೆ ಮುಂದೆ ನಾಲ್ಕು ಮಾತು ಬೇಡವೇ? ದಾರಿಯುದ್ದಕ್ಕೂ ಅದಕ್ಕೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸುತ್ತಾ ಹೋದೆ. ಕಾರ್ಯಾಗಾರದ ಬಾಗಿಲು ಮುಟ್ಟುವ ಹೊತ್ತಿಗೆ ಒಂದು ಹಿಡಿ ಮಾತು ಒಂದು ಕೊಡವಾಗಿತ್ತು.

ಪುಟ್ಟಿ ಗಾಜಿನ ಅಂಚು ಉಜ್ಜುತ್ತಿದ್ದಳು. ನಾನು ಸ್ಟೂಲು ಎಳೆದುಕೊಂಡು ಕೂತು ಶುರು ಮಾಡಿದೆ.

"ನೋಡು ಪುಟ್ಟಿ, ನಿಮ್ಮಕ್ಕ ಏನಂತಾಳೆ ಅಂದ್ರೆ, ಅವತ್ತಿನ ಪರಿಸ್ಥಿತಿ ಹಾಗಿತ್ತು. ಒಂದು ರೀತೀಲಿ ನೋಡಿದ್ರೆ ಅವಳ ಮಾತೂ ಸ್ವಲ್ಪ ಜಾಸ್ತಿ ಆಗಿರಬಹುದು. ಇಲ್ಲ ಅಂತಲ್ಲ. ಆದ್ರೆ ಅವಳು ಹೇಳಿದ್ದು ನಿನ್ನ ಒಳ್ಳೇದಕ್ಕೇ ಅಲ್ವಾ? ಕೈ ಪಳಗೋಕೆ ಯಾರಿಗಾದ್ರೂ ಟೈಮ್ ಬೇಕು. ನೀನು ಚಿಕ್ಕವಳು, ಮನಸ್ಸಿಗೆ ಹಚ್ಕೋಬೇಡ."

ಪುಟ್ಟಿ ಉಜ್ಜುವುದನ್ನು ನಿಲ್ಲಿಸಿದಳು. "ಅಕ್ಕ ಹೀಗಂದ್ಲಾ ಭಾವ?"

"ಹೆಚ್ಚು ಕಮ್ಮಿ ಹೀಗೇ."

"ನನ್ನ ಕೈ ಇನ್ನೂ ಪಳಗಿಲ್ಲ ಅಂತ?"

"ಪಳಗತ್ತೆ ಅಂತ," ಎಂದು ತಿದ್ದಿದೆ. ತಿದ್ದಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಅವಳು ಬಂದು ಕಲಿಸಲಿ ಹಾಗಾದ್ರೆ. ಅಲ್ಲಿ ತನಕ ಈ ಕಡೆ ಬರೋದು ಬೇಡ ಅನ್ನಿ," ಎಂದು ಪುಟ್ಟಿ ಮತ್ತೆ ಉಜ್ಜತೊಡಗಿದಳು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು.

ಇದನ್ನು ಹೀಗೇ ತಂದು ಮನೆಯಲ್ಲಿ ಸುರಿಯುವಷ್ಟು ದಡ್ಡ ನಾನಲ್ಲ. ಹಿಂದಿರುಗುವ ದಾರಿಯಲ್ಲಿ ಇದಕ್ಕೂ ನೀರು ಹಾಕಿದೆ. "ಅವಳಿಗೂ ಬೇಜಾರಿದೆ. ಸ್ವಲ್ಪ ಸಮಯ ಬೇಕಂತೆ. ನೀನು ದೊಡ್ಡವಳು, ಇನ್ನೂ ಒಂಚೂರು ತಗ್ಗಿದ್ರೆ ಎಲ್ಲಾ ಸರಿಹೋಗತ್ತೆ," ಎಂದೆ.

ನನ್ನ ಹೆಂಡತಿ ಮಡಿಸಿದ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಸಿದಳು. "ಇನ್ನೂ ಎಷ್ಟು ತಗ್ಗಬೇಕು?" ಎಂದವಳು ಆಮೇಲೆ ಆ ವಿಷಯ ಎತ್ತಲಿಲ್ಲ. ಮೊದಲು ಇಬ್ಬರೂ ಮಾತಾಡುತ್ತಿರಲಿಲ್ಲ ಅಷ್ಟೆ. ಈಗ ಒಬ್ಬಳು ಇದ್ದ ಬೀದಿಗೆ ಇನ್ನೊಬ್ಬಳು ಕಾಲಿಡುತ್ತಿರಲಿಲ್ಲ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ನಾನು ಮಾತ್ರ, ಇಷ್ಟು ಹದವಾಗಿ ಬೆರೆಸಿದರೂ ಹರಿಯದಷ್ಟು ಮೊಂಡು ಹೆಂಗಸರಪ್ಪ ಇವರು ಎಂದುಕೊಂಡೆ.

ಇದೇ ದಿನಗಳಲ್ಲಿ ಕಂಪನಿಗೆ ಬಾಟಲಿ ತುಂಬುವ ಹೊಸ ಯಂತ್ರ ಬಂತು. ಮೇಲೊಂದು ತೊಟ್ಟಿ, ಅದರಿಂದ ಇಳಿಯುವ ಸಣ್ಣ ಸಣ್ಣ ಕೊಳವೆಗಳು, ಕೆಳಗೆ ಬಾಟಲಿಗಳ ಸಾಲು. ನಾವು ಹೇಳಿದಷ್ಟು ಹೊತ್ತು ಬಾಯಿ ತೆರೆದಿದ್ದು ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳಬೇಕಾದವನು ನಾನು.

ಇದಕ್ಕೆ ಸ್ನಿಗ್ಧತೆ ಗೊತ್ತಿರಬೇಕು. ಸ್ನಿಗ್ಧತೆ ಎಂದರೆ ಬೇರೇನಲ್ಲ, ಹರಿಯುವಾಗ ದ್ರವ ಮಾಡುವ ಮೊಂಡುತನ. ನೀರು ಸಲೀಸಾಗಿ ಹರಿಯುತ್ತದೆ, ಜೇನುತುಪ್ಪ ಗೋಳು ಹೊಯ್ದುಕೊಳ್ಳುತ್ತದೆ. ನೀರಿನ ಮೊಂಡುತನ ಪುಸ್ತಕದಲ್ಲಿತ್ತು. ಅಪ್ಪಟ ಅಸಿಟಿಕ್ ಆಮ್ಲದ್ದೂ ಇತ್ತು, ನೀರಿಗಿಂತ ಒಂಚೂರು ಮಾತ್ರ ಹೆಚ್ಚು. ಎರಡನ್ನೂ ಬೆರೆಸಿದರೆ ಎರಡರ ನಡುವೆ ಎಲ್ಲೋ ಇರಲೇಬೇಕು. ಕುಳ್ಳನೂ ಉದ್ದನೆಯವನೂ ಇದ್ದರೆ ಸರಾಸರಿ ಎತ್ತರ ಅವರಿಬ್ಬರ ನಡುವೆ ತಾನೇ? ಮಾಡಿ ನೋಡುವ ಅಗತ್ಯವೇ ಕಾಣಲಿಲ್ಲ. ಕಾಗದದ ತುಂಡಿನ ಮೇಲೆ ಲೆಕ್ಕ ಹಾಕಿ ಯಜಮಾನರಿಗೆ ಕೊಟ್ಟು ಚಹಾ ಕುಡಿಯಲು ಹೋದೆ.

ಲೋಟ ಖಾಲಿಯಾಗುವ ಮೊದಲೇ ಕರೆ ಬಂತು. ಯಂತ್ರದ ಮುಂದೆ ಬಾಟಲಿಗಳು ಶಿಸ್ತಾಗಿ ನಿಂತಿದ್ದವು. ಎಲ್ಲದರಲ್ಲೂ ಆಮ್ಲ ಅರ್ಧಕ್ಕಿಂತ ಕೆಳಗೆ. ಯಜಮಾನರು ಒಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಪಂಡಿತ್ರೇ, ಮಿಕ್ಕರ್ಧ ಗಿರಾಕಿ ಮನೇಲಿ ತುಂಬಿಸ್ಕೊಳ್ಳಬೇಕಾ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಯಂತ್ರ ಡೊಂಕು ಎಂದೆ. ಯಜಮಾನರು ಯಂತ್ರ ತಂದವನನ್ನು ಕರೆಸಿದರು, ಅವನು ಬರೀ ನೀರು ಹಾಯಿಸಿ ತೋರಿಸಿದ. ಯಂತ್ರ ಸರಿಯಾಗಿತ್ತು. ಕೊನೆಗೆ ನಾನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಮಾವನ ಕಾರ್ಯಾಗಾರದಿಂದ ಹೊಸದಾಗಿ ಬಂದಿದ್ದ ಯು ಆಕಾರದ ಕೊಳವೆ ತೆಗೆದು, ಎಂಬತ್ತಕ್ಕೆ ಇಪ್ಪತ್ತರ ಮಿಶ್ರಣವನ್ನು ಅದರೊಳಗೆ ಬಿಟ್ಟೆ. ಅದರಲ್ಲಿ ಕೂದಲೆಳೆಯಷ್ಟು ಕಿರಿದಾದ ದಾರಿಯೊಂದಿದೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ದ್ರವ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೋ ಅದರಿಂದ ಮೊಂಡುತನ ತಿಳಿಯುತ್ತದೆ. ನನ್ನ ಮಿಶ್ರಣ ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು. ನೀರಿಗಿಂತಲೂ ಮೊಂಡು, ಆಮ್ಲಕ್ಕಿಂತಲೂ ಮೊಂಡು, ನನ್ನ ಲೆಕ್ಕದ ಎರಡರಷ್ಟು ಮೊಂಡು. ಬಾಟಲಿಯೂ ಕೊಳವೆಯೂ ಒಂದೇ ಮಾತು ಹೇಳುತ್ತಿದ್ದವು. ಆದ್ದರಿಂದ ಎರಡೂ ಸುಳ್ಳು ಹೇಳುತ್ತಿವೆ ಎಂದು ತೀರ್ಮಾನಿಸಿದೆ.

ತಪ್ಪನ್ನು ಯಂತ್ರದ ಮೇಲೆ ಹಾಕುವ ಹಾಗಿರಲಿಲ್ಲ. ಉಳಿದದ್ದು ಕೊಳವೆ. ಮಾವನ ಕಣ್ಣು ಮಂಜಾಗಿ ಕಿರಿದಾರಿ ಸರಿಯಾಗಿ ಬಂದಿಲ್ಲ, ಪಾಪ, ಎಂದು ಮರುಗುತ್ತಾ ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ಕಾರ್ಯಾಗಾರಕ್ಕೆ ಹೋದೆ. ಮಾವ ಬೆಂಚಿನಲ್ಲಿದ್ದರು, ಸುಟ್ಟ ಬೆರಳಿಗೆ ಬಟ್ಟೆ ಸುತ್ತಿತ್ತು. ಪುಟ್ಟಿ ಪಕ್ಕದಲ್ಲೇ ನಿಂತು ಅವರ ಕೈಗೆ ಗಾಜು ಕೊಡುತ್ತಿದ್ದಳು.

"ಮಾವ, ನಿಮ್ಮ ಕೈ ಬಗ್ಗೆ ನಾನು ಮಾತಾಡೋ ಹಾಗಿಲ್ಲ," ಎಂದು ಪೀಠಿಕೆ ಹಾಕಿ, ಮಾತಾಡಿದೆ. "ಆದ್ರೆ ಈ ಕೊಳವೆ ಯಾಕೋ ಸರಿ ಬಂದಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಸಹಜ. ಸುಳ್ಳು ಲೆಕ್ಕ ಕೊಡ್ತಿದೆ."

ಮಾವ ಕಪ್ಪು ಕನ್ನಡಕ ಹಣೆಗೆ ಏರಿಸಿದರು. "ಇದು ನಾನು ಮಾಡಿದ್ದಲ್ಲ ಅಳಿಯಂದಿರೇ."

ನಾನು ಪುಟ್ಟಿಯ ಕಡೆ ನೋಡಿದೆ. ಅವಳು ಕೈಯಲ್ಲಿದ್ದ ಗಾಜನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು.

"ಯಾರು ಮಾಡಿದ್ದು ಅಂತ ಹೇಳದೆ ನಿಮಗೆ ಕಳಿಸಿದ್ದೆ," ಎಂದರು ಮಾವ. "ನೀವು ದಿನಾ ಅಳೆಯೋರು, ಮುಲಾಜಿಲ್ಲದೆ ಹೇಳ್ತೀರಿ. ನೀವು ಚೆನ್ನಾಗಿದೆ ಅಂದ್ರೆ, ಅದನ್ನೇ ಇವಳಕ್ಕನಿಗೆ ತೋರಿಸಿ ಕರ್ಕೊಂಡು ಬರೋಣ ಅಂತಿದ್ದೆ."

"ಅಕ್ಕ ಹೇಳಿ ಕಳಿಸಿದ್ಲಾ ಭಾವ, ಇದನ್ನೂ?" ಎಂದಳು ಪುಟ್ಟಿ. ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು. ಸೋತ ದನಿಯಲ್ಲಿ ಕೇಳಿದಳು.

"ಅಯ್ಯೋ, ಇಲ್ಲ. ಹಾಗಲ್ಲ. ಈಗ ನೋಡು, ಒಂದು ರೀತೀಲಿ ಕೊಳವೆ ಚೆನ್ನಾಗೇ ಇದೆ, ನೋಡೋಕೆ," ಎಂದೆ. ಸುಟ್ಟ ಗಾಯದ ಮೇಲೆ ಬರೆ ಎಳೆಯುವುದು ಹೇಗೆಂದು ಯಾರಾದರೂ ಕಲಿಯಬೇಕಿದ್ದರೆ ಅವತ್ತು ನನ್ನನ್ನು ನೋಡಿ ಕಲಿಯಬಹುದಿತ್ತು.

ಮಾವ ಕನ್ನಡಕ ಇಳಿಸಿಕೊಂಡರು. "ಇನ್ನೊಂದು ಸಲ ನೋಡಿ ಹೇಳಿ. ಬರೀ ನೀರು ಬಿಡಿ, ಬರೀ ಆಮ್ಲ ಬಿಡಿ. ನನ್ನ ಹಳೇ ಕೊಳವೆ ನಿಮ್ಮಲ್ಲೇ ಇದೆಯಲ್ಲ, ಅದರಲ್ಲೂ ನೋಡಿ," ಎಂದರು. ಬೆಂಕಿಯ ಕಡೆ ತಿರುಗಿ, ತಮಗೇ ಹೇಳಿಕೊಳ್ಳುವಂತೆ "ಅಲ್ಲಿ ತನಕ ನಾನೇ ಊದ್ತೀನಿ," ಎಂದರು. ಜ್ವಾಲೆ ಹುಡುಕುತ್ತಾ ಅವರ ಕೈ ತುಸು ಎಡಕ್ಕೆ ಹೋಯಿತು. ಪುಟ್ಟಿ ಅದನ್ನು ಹಿಡಿದು ಸರಿಯಾದ ಜಾಗಕ್ಕೆ ತಂದಳು. ನಾನು ಕೊಳವೆಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿಕೊಂಡು ಹೊರಟೆ.

ಮರುದಿನ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂತೆ. ಕೊಳವೆಯ ತಪ್ಪನ್ನು ಸಾಬೀತು ಮಾಡಲೇಬೇಕು ಎಂಬ ಹಠವಿತ್ತು. ತಪ್ಪಿಲ್ಲದಿದ್ದರೆ ಸಾಕಪ್ಪ ಎಂಬ ಆಸೆಯೂ ಇತ್ತು. ಬರೀ ನೀರು ಬಿಟ್ಟೆ. ಪುಸ್ತಕದಲ್ಲಿ ಇದ್ದಂತೆಯೇ ಬಂತು. ಆಮೇಲೆ ಅಪ್ಪಟ ಆಮ್ಲ ಬಿಟ್ಟೆ. ನಿಧಾನವಾಗಿ ಇಳಿಯಿತು, ಪುಸ್ತಕ ಹೇಳಿದ್ದಕ್ಕಿಂತ ನಿಧಾನ. ಸಿಕ್ಕಿಬಿತ್ತು ಕಳ್ಳ ಕೊಳವೆ ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಎದ್ದ ಮೇಲೆ ನೆನಪಾಯಿತು, ನೀರು ಚೆಲ್ಲಿದ ನಂತರ ಕೊಳವೆ ಒಣಗಿಸಿರಲಿಲ್ಲ. ಒಳಗೆ ನೀರು ಅಂಟಿಕೊಂಡೇ ಇತ್ತು. ಅದರಿಂದ ಏನಾಗುತ್ತದೆ, ನೀರು ಸೇರಿದರೆ ಇನ್ನೂ ತೆಳುವಾಗಬೇಕು ತಾನೇ ಎಂದುಕೊಂಡೆ. ಆದರೂ ಚೆನ್ನಾಗಿ ಒಣಗಿಸಿ ಮತ್ತೆ ಆಮ್ಲ ಬಿಟ್ಟೆ. ಅದು ಯಾವ ತಕರಾರೂ ಇಲ್ಲದೆ, ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಸರ್ರನೆ ಇಳಿದುಹೋಯಿತು.

ನಾನು ಮತ್ತೆ ಕುರ್ಚಿಯಲ್ಲಿ ಕೂತೆ. ಆ ಅಂಟಿಕೊಂಡ ಚೂರು ನೀರು ಆಮ್ಲವನ್ನು ತೆಳು ಮಾಡಿರಲಿಲ್ಲ, ಮಂದ ಮಾಡಿತ್ತು.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಮಾವನ ಹಳೇ ಕೊಳವೆ ತೆಗೆದೆ. ಅದೂ ಅದನ್ನೇ ಹೇಳಿತು. ಆಮ್ಲಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹೆಚ್ಚಿಸುತ್ತಾ ಹೋದೆ. ಮೊಂಡುತನ ಏರುತ್ತಾ ಏರುತ್ತಾ ಸುಮಾರು ಎಂಬತ್ತಕ್ಕೆ ಇಪ್ಪತ್ತರ ಹತ್ತಿರ ತುದಿ ಮುಟ್ಟಿ, ಇನ್ನೂ ನೀರು ಹಾಕಿದರೆ ಇಳಿಯತೊಡಗಿತು. ಅಂದರೆ ಲೋಕದ ಎಲ್ಲ ಅಳತೆಗಳನ್ನೂ ಬಿಟ್ಟು, ಹರಿಯಲು ಎಲ್ಲಕ್ಕಿಂತ ಹಠ ಮಾಡುವ ಅಳತೆಯನ್ನೇ ಆರಿಸಿಕೊಂಡು ನಾನು ಇಷ್ಟು ವರ್ಷ ಬಾಟಲಿಗೆ ತುಂಬಿಸಿದ್ದೆ. ಆಮ್ಲದ ಕಣವೂ ನೀರಿನ ಕಣವೂ ಒಂದರ ಕೈ ಒಂದು ಬಿಗಿಯಾಗಿ ಹಿಡಿದುಕೊಳ್ಳುತ್ತವಂತೆ. ಹಾಗೆ ಹಿಡಿದುಕೊಂಡ ಗುಂಪು ಕಿರಿದಾರಿಯಲ್ಲಿ ಸುಲಭಕ್ಕೆ ಜರುಗುವುದಿಲ್ಲ. ಇದೇನೂ ಹೊಸ ಸಂಗತಿಯಲ್ಲ. ಕಪಾಟಿನ ಪುಸ್ತಕದಲ್ಲೇ ಇತ್ತು, ನಾನು ನೋಡಿದ ಪುಟದ ಮಗ್ಗುಲಲ್ಲೇ.

ಇದು ಅಸಿಟಿಕ್ ಒಂದರದೇ ದುರ್ಬುದ್ಧಿಯೇ ಎಂದು ನೋಡಲು ಅದರ ದಾಯಾದಿಗಳನ್ನೂ ಕಪಾಟಿನಿಂದ ಇಳಿಸಿದೆ. ಇರುವೆ ಕಚ್ಚಿದಾಗ ಉರಿಸುವ ಫಾರ್ಮಿಕ್ ಆಮ್ಲ ಸಭ್ಯಸ್ಥ. ನೀರಿನಿಂದ ತನ್ನ ತನಕ ಒಂದೇ ಸಮನೆ ಏರುತ್ತದೆ, ನಡುವೆ ಗುಡ್ಡವಿಲ್ಲ. ಪ್ರೊಪಿಯಾನಿಕ್ ಆಮ್ಲ ಅಸಿಟಿಕ್ಕಿನದೇ ದಾರಿ ಹಿಡಿಯಿತು. ಬ್ಯೂಟಿರಿಕ್ ಆಮ್ಲವೂ ಗುಡ್ಡ ಹತ್ತಿತು, ಆದರೆ ಹತ್ತುವ ಮೊದಲು ಬಾಟಲಿ ಜಾರಿ ನನ್ನ ತೋಳಿನ ಮೇಲೆ ಚೆಲ್ಲಿತು. ಹಳಸಿದ ಬೆಣ್ಣೆಯ ನಾತದ ಮೂಲಪುರುಷ ಇದೇ ಆಮ್ಲ. ಎಷ್ಟು ತೊಳೆದರೂ ಹೋಗಲಿಲ್ಲ. ಯಜಮಾನರಿಗೆ ವಿಷಯ ತಿಳಿಸಲು ಹೋದಾಗ ಅವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಯಂತ್ರದ ಬಾಯಿ ಎರಡರಷ್ಟು ಹೊತ್ತು ತೆರೆದಿಡಬೇಕು, ಅಷ್ಟೇ ತಾನೇ? ಆಯ್ತು, ನೀವು ಹೊರಡಿ, ಬೇಗ ಹೊರಡಿ," ಎಂದರು. ನನ್ನ ವಿವರಣೆಯ ಮುಕ್ಕಾಲು ಪಾಲು ಬಾಯಲ್ಲೇ ಉಳಿಯಿತು.

ಮನೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ನನ್ನ ಹೆಂಡತಿ ಬಾಗಿಲು ತೆಗೆದಳು, ಉಸಿರು ಎಳೆದಳು, ಬಾಗಿಲು ಹಾಕಿದಳು. ಆಮೇಲೆ ಪಕ್ಕದ ಕಿಟಕಿ ಒಂಚೂರು ತೆರೆಯಿತು.

"ಅಲ್ಲೇ ನಿಲ್ಲಿ. ಏನಿದು?"

ಮೆಟ್ಟಿಲ ಮೇಲೆ ನಿಂತು ನಡೆದದ್ದೆಲ್ಲ ಹೇಳಿದೆ. ಕೊಳವೆ ಮಾಡಿದ್ದು ಪುಟ್ಟಿ ಎಂದೆ, ಅದು ಸುಳ್ಳು ಎಂದು ನಾನು ಹೇಳಿ ಬಂದೆ ಎಂದೆ, ಅದು ಅಪ್ಪಟ ಸತ್ಯ ಹೇಳುತ್ತಿತ್ತು ಎಂದೆ. ಗುಡ್ಡದ ವಿಷಯ ಹೇಳಿದೆ, ಕೈಹಿಡಿದುಕೊಳ್ಳುವ ಕಣಗಳ ವಿಷಯ ಹೇಳಿದೆ. ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ನನ್ನನ್ನು ದಾಟಿ ಹೋದರು.

ಕಿಟಕಿ ಇನ್ನೊಂದು ಚೂರು ತೆರೆಯಿತು.

"ಅಂದ್ರೆ ನೀರು ಹಾಕದೆ ಇದ್ದಿದ್ರೆ ಸಲೀಸಾಗಿ ಹರೀತಿತ್ತು," ಎಂದಳು.

"ಹ್ಞೂಂ."

"ಅವತ್ತು ಪುಟ್ಟಿಗೆ ಏನಂತ ಹೇಳಿದ್ರಿ? ಹೇಳಿದ ಹಾಗೇ ಹೇಳಿ."

ಹೇಳಿದೆ. ಪರಿಸ್ಥಿತಿಯಿಂದ ಹಿಡಿದು ಕೈ ಪಳಗುವ ತನಕ ಎಲ್ಲವನ್ನೂ ಹೇಳಿದೆ. ಕಾರ್ಯಾಗಾರದಲ್ಲಿ ಅಷ್ಟು ಸೊಗಸಾಗಿ ಕೇಳಿಸಿದ್ದ ಮಾತು ಮೆಟ್ಟಿಲ ಮೇಲೆ, ಆ ನಾತದ ನಡುವೆ, ನನಗೇ ಅಸಹ್ಯವಾಗಿ ಕೇಳಿಸಿತು. ಹೇಳುತ್ತಾ ಹೇಳುತ್ತಾ ನನ್ನ ದನಿ ಇಳಿಯಿತು. ಒಂದೇ ಗುಟುಕಿಗೆ ಇಳಿಯುತ್ತಿದ್ದ ಮಾತಿಗೆ ನೀರು ಬೆರೆಸಿ ಇಬ್ಬರ ಗಂಟಲಲ್ಲೂ ಸಿಕ್ಕಿಸಿದವನು ನಾನು. ನನಗೆ ತುಂಬ ನಾಚಿಕೆಯಾಯಿತು.

ಬಾಗಿಲು ತೆರೆಯಿತು. ಅವಳು ಚಪ್ಪಲಿ ಮೆಟ್ಟಿ, ಮೂಗಿಗೆ ಸೆರಗು ಹಿಡಿದು, ನನ್ನನ್ನು ಸುತ್ತಿಕೊಂಡು ಮೆಟ್ಟಿಲಿಳಿದಳು.

"ಎಲ್ಲಿಗೆ?"

"ಅಪ್ಪನ ಹತ್ರ."

"ನಾನೂ ಬರ್ತೀನಿ. ವಿವರಿಸಿ ಹೇಳ್ತೀನಿ."

"ಬನ್ನಿ. ದೂರದಿಂದ ಬನ್ನಿ. ವಿವರಿಸೋದು ಬೇಡ."

ಅವಳ ಹಿಂದೆ ಸಾಕಷ್ಟು ಅಂತರ ಬಿಟ್ಟು ನಡೆದೆ. ಕಾರ್ಯಾಗಾರದ ಹೊಸ್ತಿಲಲ್ಲೇ ಮಾವ ನನ್ನನ್ನು ತಡೆದರು. ಅವರ ಕಣ್ಣು ಮಂಜು, ಮೂಗು ಚುರುಕು. "ಅಳಿಯಂದಿರು ಹೊರಗೇ ಇರಲಿ," ಎಂದರು. ಹಾಗಾಗಿ ನನ್ನ ಸಂಧಾನದ ಕೊನೆಯ ಅಧ್ಯಾಯವನ್ನು ನಾನು ಕಿಟಕಿಯಾಚೆ ನಿಂತು ನೋಡಬೇಕಾಯಿತು.

ಬೆಂಚಿನ ಮೇಲೆ ಜ್ವಾಲೆ ಉರಿಯುತ್ತಿತ್ತು. ಪುಟ್ಟಿ ಅಕ್ಕನನ್ನು ನೋಡಿ ಗೋಡೆಯ ಕಡೆ ತಿರುಗಿದಳು. ನನ್ನ ಹೆಂಡತಿ ನೇರವಾಗಿ ಹೋಗಿ ಬೆಂಚಿನ ಮುಂದೆ ನಿಂತಳು.

"ಪುಟ್ಟಿ. ನಾನು ಹಾಗಂದಿದ್ದು ತಪ್ಪು."

ಪುಟ್ಟಿ ತಿರುಗಲು ಹೊತ್ತು ಹಿಡಿಯಿತು. "ಭಾವ ಬೇರೆ ಥರ ಹೇಳಿದ್ರು."

"ಅವರು ನೀರು ಹಾಕಿದ್ರು. ನಾನು ಕಳಿಸಿದ್ದು ಇಷ್ಟೇ."

"ಇಷ್ಟೇನಾ?"

"ಇಷ್ಟೇ."

ಪುಟ್ಟಿ ಕಿಟಕಿಯತ್ತ ನೋಡಿದಳು. ನಾನು ಇದ್ದ ಜಾಗದಲ್ಲೇ ಇನ್ನಷ್ಟು ಸಣ್ಣಗಾದೆ. ಅವಳ ಮುಖದಲ್ಲಿ ಏನೋ ಸಡಿಲವಾಯಿತು. ನಗು ಬಂತು, ಅದರ ಹಿಂದೆಯೇ ಅಳು ಬಂತು. ನನ್ನ ಹೆಂಡತಿ ಅವಳ ಭುಜ ಹಿಡಿದುಕೊಂಡಳು. ಇಬ್ಬರೂ ನನ್ನ ಬಗ್ಗೆಯೇ ಏನೋ ಪಿಸುಗುಟ್ಟಿಕೊಂಡು ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕೇಳಿ ನನ್ನ ಕಣ್ಣೂ ತುಂಬಿತು. ಬ್ಯೂಟಿರಿಕ್ ಹೊಗೆಯಿಂದ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅದರಿಂದಲ್ಲ.

"ಅಪ್ಪ, ಇಬ್ಬರೂ ನಿಂತಿದೀವಿ," ಎಂದಳು ನನ್ನ ಹೆಂಡತಿ. "ಕೊಟ್ಟುಬಿಡು."

ಮಾವ ಕನ್ನಡಕ ತೆಗೆಯಲಿಲ್ಲ. ಬೆಂಚು ಬಿಟ್ಟು ಏಳಲೂ ಇಲ್ಲ. "ಕೊಳವೆ?" ಎಂದರು.

ಮೂವರೂ ಕಿಟಕಿಯ ಕಡೆ ತಿರುಗಿದರು. ಆಗ ತಿಳಿಯಿತು ನನಗೆ, ದಾರಿಯಲ್ಲಿ ಇನ್ನೂ ಉಳಿದಿದ್ದ ಅಡ್ಡಿ ನಾನೇ. ಅಕ್ಕನ ಮಾತು ಹೋಯಿತು, ಅಳೆಯುವವನ ಮಾತು ಹಾಗೇ ಉಳಿದಿತ್ತು. ಇಡೀ ದಾರಿ ನಾನು ಭಾಷಣವೊಂದನ್ನು ಸಿದ್ಧಮಾಡಿಕೊಂಡು ಬಂದಿದ್ದೆ. ಅದರಲ್ಲಿ ಕಣಗಳಿದ್ದವು, ಗುಡ್ಡವಿತ್ತು, ಇಂಥ ತಪ್ಪು ಯಾರಿಂದಲಾದರೂ ಆಗಬಹುದಿತ್ತು ಎಂಬ ಭಾಗ ವಿಶೇಷವಾಗಿ ಚೆನ್ನಾಗಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಅಂಗೈ ಎತ್ತಿ ತೋರಿಸಿದಳು, ಕೌಂಟರಿನ ಮುಂದೆ ಯಾರಾದರೂ ಟಿಕೆಟ್ ಕೇಳುವ ಬದಲು ಸಂಸಾರದ ಕಥೆ ಶುರುಮಾಡಿದಾಗ ತೋರಿಸುತ್ತಾಳಲ್ಲ, ಹಾಗೆ.

"ಕೊಳವೆ ಸರಿಯಾಗಿದೆ," ಎಂದೆ. "ನನ್ನ ಲೆಕ್ಕ ತಪ್ಪು."

"ಇನ್ನೊಂದ್ಸಲ ಹೇಳಿ," ಎಂದರು ಮಾವ. "ಕಿವಿ ಸ್ವಲ್ಪ ಮಂದ."

ಅವರ ಕಿವಿಗೆ ಏನೂ ಆಗಿರಲಿಲ್ಲ. ಬೀದಿಗೆ ಕೇಳುವಂತೆ ಇನ್ನೊಮ್ಮೆ ಹೇಳಿದೆ.

ಮಾವ ಕಪ್ಪು ಕನ್ನಡಕ ತೆಗೆದರು. ಅಂಗಿಯ ಅಂಚಿನಿಂದ ಅದರ ಎರಡೂ ಗಾಜು ಒರೆಸಿ ಪುಟ್ಟಿಯ ಕೈಗಿಟ್ಟರು. ಪುಟ್ಟಿ ಅದನ್ನು ಕಣ್ಣಿಗೇರಿಸಿದಳು, ಪಟ್ಟಿ ಅವಳ ಕೂದಲಿಗೆ ಸಿಕ್ಕಿಕೊಂಡಿತು. ನನ್ನ ಹೆಂಡತಿ ಹಿಂದೆ ನಿಂತು ತಂಗಿಯ ಕೂದಲು ಸರಿಸಿ, ಪಟ್ಟಿಯನ್ನು ಬಿಗಿದು ಕಟ್ಟಿದಳು. ಮಾವ ಎದ್ದು ಬೆಂಚಿನಿಂದ ಸರಿದು, ಗೋಡೆ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದು, ಬೆಂಕಿಗೆ ಬೆನ್ನು ಮಾಡಿ ನಿಂತರು. ನನ್ನ ನಾತವನ್ನು ಅವರು ಅಷ್ಟು ಹೊತ್ತು ಸಹಿಸಿಕೊಂಡದ್ದು ದೊಡ್ಡ ಮಾತು.

ಮನೆಗೆ ಮರಳುವಾಗಲೂ ಅವಳು ಮುಂದೆ, ನಾನು ಹಿಂದೆ. ಹೇಳಲು ನನಗೆ ಬಹಳವಿತ್ತು. ಹಾಗೆ ನೋಡಿದರೆ ಇದೆಲ್ಲ ಒಳ್ಳೆಯದೇ ಆಯಿತು ಎನ್ನಬಹುದಿತ್ತು. ಒಂದು ರೀತಿಯಲ್ಲಿ ನನ್ನ ತಪ್ಪಿನಿಂದಲೇ ಎಲ್ಲ ಸರಿಹೋಯಿತು ಎನ್ನಬಹುದಿತ್ತು.

"ಏನು, ಇಷ್ಟು ಸುಮ್ಮನಿದೀರಿ?" ಎಂದಳು, ತಿರುಗದೆ.

"ಏನಿಲ್ಲ," ಎಂದೆ.

ಅವಳು ನಿಂತಳು. ಸೆರಗಿನಿಂದ ಮೂಗು ಮುಚ್ಚಿಕೊಂಡೇ, ನಾನು ಪಕ್ಕಕ್ಕೆ ಬರುವ ತನಕ ನಿಂತಿದ್ದಳು.